ತಗಡು ತೊಳೆಯುವ ವಿದ್ಯೆ ನಿಮ್ಮದು

ಶಂಕರಘಟ್ಟ
ಸೋಮವಾರ, ೧೦-೨-೨೦೦೩

ಪ್ರೀತಿಯ ಮಾವನಿಗೆ,

ನಾನು ನಿಮಗೆ ಅನ್ಯಾಯ ಮಾಡಿದ್ದೇನೆ. ನಿಮ್ಮ ವಿದ್ಯೆಯನ್ನು ಇಲ್ಲಿ ವಿಶ್ವವಿದ್ಯಾಲಯದ ಲ್ಯಾಬ್ ಪುಸ್ತಕದಲ್ಲಿ ನನ್ನದೆಂದು ಬರೆದುಕೊಂಡೆ. ಈ ಲ್ಯಾಬಿನಲ್ಲಿ ಉಕ್ಕಿನ ತಗಡನ್ನು ದ್ರಾವಣದಲ್ಲಿ ಅದ್ದಿ, ಕರೆಂಟ್ ಕೊಟ್ಟು, ವಿದ್ಯುತ್ ಹರಿಯುವ ಪ್ಲಾಸ್ಟಿಕ್ಕಿನ ಪೊರೆ ಬೆಳೆಸುತ್ತೇವೆ. ಅದರೊಳಗೆ ತಾಮ್ರದ ಕಣ ಕೂರಿಸುತ್ತೇವೆ. ತಿಂಗಳಿಂದ ಪೊರೆ ಸುಲಿದು ಬೀಳುತ್ತಿತ್ತು. ನಿಮ್ಮ ಪ್ಲೇಟಿಂಗ್ ಅಂಗಡಿಯಲ್ಲಿ ಮಾಡುವಂತೆ ತಗಡನ್ನು ಒದ್ದೆ ಸುಣ್ಣದಲ್ಲಿ ಉಜ್ಜಿ, ನೀರು ಹನಿಯಾಗಿ ಒಡೆಯದೆ ಹಾಳೆಯಂತೆ ನಿಲ್ಲುವವರೆಗೂ ತೊಳೆದೆ.

"ಪಾತ್ರೆ ತಿಕ್ಕೋಕೆ ಬಂದ್ಯಾ ಮಾರಾಯ್ತಿ?" ಎಂದು ಜೊತೆಯ ಧರ್ಮೇಂದ್ರ ನಕ್ಕ.

ಮಾವ, ಪೊರೆ ಹಿಡಿಯಿತು! ವೋಲ್ಟೇಜ್ ಏರಿಸಿದಂತೆ ಹಳದಿಯಿದ್ದದ್ದು ಹಸಿರಾಗಿ, ನೀಲಿಯಾಗುತ್ತದೆ! ತಾಮ್ರ ಕೂರಿಸಿದ ಮೇಲೆ ಉಗುರಿನಿಂದ ಕೆರೆದರೂ ಏಳಲಿಲ್ಲ. "ಯಾರು ಹೇಳ್ಕೊಟ್ರು?" ಎಂದು ನಮ್ಮ ಗೈಡ್ ಮೇಡಂ ಕೇಳಿದರೆ "ನಾನೇ" ಎಂದುಬಿಟ್ಟೆ. 'ದುಡಿದವರ ಹೆಸರೇ ಮೊದಲು' ಎಂದು ವಿದ್ಯಾರ್ಥಿ ಸಂಘದ ಕರಪತ್ರ ಹಂಚುವ ನಾನು! ಇವತ್ತು ಅವರಿಗೆ ನಿಜ ಹೇಳಿ, ಆ ಪುಸ್ತಕದಲ್ಲಿ ನನ್ನ ಹೆಸರು ಹೊಡೆದುಹಾಕಿ ನಿಮ್ಮದನ್ನು ಬರೆದೆ. "ಹಾಗಾದ್ರೆ ಅವರನ್ನೇ ಕರ್ಕೊಂಡ್ ಬಾ, ಎಲ್ರಿಗೂ ತೋರಿಸ್ಲಿ" ಎಂದರು ಮೇಡಂ.

ನನ್ನ ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ಹೇಳಿ. ತಗಡು ಉಜ್ಜುವ ನಿಮ್ಮ ಹಳೇ ಬ್ರಷ್ಷನ್ನೇ ತನ್ನಿ. ಶನಿವಾರ ಬೆಳಿಗ್ಗೆ ಹತ್ತೂವರೆಗೆ ಶಂಕರಘಟ್ಟದ ಬಸ್ ಸ್ಟಾಪಿನಲ್ಲಿ ನಿಂತಿರುತ್ತೇನೆ.

ಇಂಪನಾ