ಬಿಸುವಿನ ದಿನ ವಾಪಸಾದ ಕಾರು

ರಾಷ್ಟ್ರೀಯ ನೆರೆಕಾವಲು ದಳದ ಮಾನ್ಯ ವಲಯಾಧಿಕಾರಿಗಳೇ,

ನನ್ನ ಮಗಳು ಅಕ್ಷಯಾಳ ಸಮವಸ್ತ್ರವನ್ನು ನೀವು ಕಿತ್ತುಕೊಂಡು ವರ್ಷವಾಯಿತು. ನೀವು ಕೊಟ್ಟ ಕಾರಣ ‘ಸ್ವಜನರ ಬಗೆಗಿನ ಒಲವು’. ಮಲಯ್ ಭಾಷೆಯಲ್ಲಿ ಎರಡು ಸಲ, ಇಂಗ್ಲಿಷಿನಲ್ಲಿ ಒಂದು ಸಲ ಬರೆದೆ. ತಮ್ಮ ಘನ ಕಚೇರಿಗೆ ಓದಲು ಪುರುಸೊತ್ತಾಗಲಿಲ್ಲ. ಹಾಗಾಗಿ ಈ ಸಲ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ನನ್ನವರೂ ಓದಬೇಕಾದ ಸಂಗತಿ ಇದರಲ್ಲಿದೆ.

ನಾನು ಉಡುಪಿಯವನು, ಈ ಮಲಯ್ ನಾಡಿನ ವೈದ್ಯಕೀಯ ಕಾಲೇಜೊಂದರಲ್ಲಿ ಮೇಷ್ಟ್ರು. ಮಗಳು ಇಲ್ಲೇ ಹುಟ್ಟಿ ಇಲ್ಲಿಯ ಪ್ರಜೆಯಾದವಳು. ಅವಳು ದಳಕ್ಕೆ ಸೇರಿ ಪ್ರಮಾಣ ಮಾಡಿದ ದಿನ ನೀವು ಭಾಷಣದಲ್ಲಿ, ಈ ಬೂಟು ಹಾಕಿದ ಮೇಲೆ ಜನಾಂಗವಿಲ್ಲ, ಊರಿಲ್ಲ, ದೇಶವೊಂದೇ ಎಂದಿರಿ. ಹಿಂದಿನ ಸಾಲಿನಲ್ಲಿ ಕೂತು ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ. ಅಷ್ಟು ನಂಬಿದ್ದೆ.

2020ರ ಏಪ್ರಿಲ್, ಲಾಕ್‌ಡೌನಿನ ಬಿಗಿ ದಿನಗಳು. ಸೌರಮಾನದ ನಮಗೆ ಅಂದು ಬಿಸು, ಹೊಸ ವರ್ಷ. ಹಿರಿಯರ ಕಾಲಿಗೆ ಬೀಳದೆ ನಮ್ಮಲ್ಲಿ ವರ್ಷ ಶುರುವಾಗುವುದಿಲ್ಲ. ಸುಬಾಂಗ್ ಜಯಾದ ಉಡುಪಿಯವರಿಗೆಲ್ಲ ಹಿರಿಯರಾದ ದೇವಕಿ ಅಕ್ಕನ ಮನೆಗೆ ಹೆಸರುಬೇಳೆ ಪಾಯಸ ಹಿಡಿದು ಕಾರು ಹತ್ತಿದೆ. ದಾರಿಯಲ್ಲಿ ವಾಹನ ತಪಾಸಣೆಯ ತಡೆಗಟ್ಟೆಯಲ್ಲಿ ಕಾವಲಿಗೆ ಇರುವವಳು ಮಗಳೇ, ನನಗೇನು ಹೆದರಿಕೆ?

“ಸರ್, ಪರ್ಮಿಟ್ ಲೆಟರ್?” ಎಂದಳು.

“ಎಂಥ ಮಗಾ, ನಾನಲ್ವಾ? ಹತ್ತು ನಿಮಿಷದಲ್ಲಿ ಬರ್ತೇನೆ.”

“ಕ್ಯಾನಾಟ್ ಲಾ, ಪಪ್ಪಾ. ಯು-ಟರ್ನ್ ಮಾಡಿ,” ಎಂದಳು, ಇಲ್ಲಿಯವರು ಮಾತಿಗೊಮ್ಮೆ ಸೇರಿಸುವ ‘ಲಾ’ದೊಂದಿಗೆ.

ಕಾರಿನ ನಂಬರನ್ನು, ‘ಚಾಲಕ ನನ್ನ ತಂದೆ, ವಾಪಸ್ ಕಳಿಸಲಾಗಿದೆ’ ಎಂಬ ಮಾತಿನೊಂದಿಗೆ, ದಾಖಲೆ ಪುಸ್ತಕದಲ್ಲಿ ಬರೆದಳು. ನಾನು ಮೂರು ದಿನ ಅವಳೊಂದಿಗೆ ಮಾತು ಬಿಟ್ಟೆ. ಸಂಘದ ಅಧ್ಯಕ್ಷ ಉಮಾನಾಥರು ಫೋನಿನಲ್ಲಿ, “ಹುಡುಗಿಗೆ ನಮ್ಮೋರು ಅಂತ ಬೇಡ್ವಾ ಮಾರಾಯ್ರೇ?” ಎಂದಾಗ ಹೂಂಗುಟ್ಟಿದೆ. ಅದಕ್ಕೆ ಈಗ ನಾಚಿಕೆಯಾಗುತ್ತದೆ.

ಮರುವಾರ ಅವಳ ತಂಡದ ನಾಯಕರು ತಮ್ಮ ಊರಿನವರ ಮೂರು ಕಾರುಗಳನ್ನು ಪರ್ಮಿಟ್ ಇಲ್ಲದೆ ಒಳಗೆ ಬಿಟ್ಟರು. ಅದನ್ನೂ ಅವಳು ಅದೇ ಪುಟದಲ್ಲಿ ಬರೆದಳು. ನೀವು ವಿಚಾರಣೆ ನಡೆಸಿದಿರಿ. ಆ ಪುಟದಲ್ಲಿ ನಿಮ್ಮ ಕಣ್ಣಿಗೆ ಬಿದ್ದದ್ದು ‘ತಂದೆ’ ಎಂಬ ಒಂದೇ ಪದ. ತಂದೆಯ ಕಾರು ಬಂದಿತ್ತಂತೆ, ಆದ್ದರಿಂದ ನಿಷ್ಠೆ ಸಂಶಯಾಸ್ಪದವಂತೆ. ಅದರ ಮುಂದಿನ ‘ವಾಪಸ್’ ಓದುವಷ್ಟರಲ್ಲಿ ತಮ್ಮ ಕನ್ನಡಕ ಮಸುಕಾಯಿತೇ? ನಾಯಕರಿಗೆ ಬಡ್ತಿ ಸಿಕ್ಕಿತೆಂದು ಕೇಳಿದೆ. ಅಪ್ಪನನ್ನು ತಡೆದವಳು ಮನೆಗೆ, ಊರಿನವರನ್ನು ಬಿಟ್ಟವರು ಮೇಲಕ್ಕೆ ಎಂದಾದರೆ ಮುಂದೆ ಸೇರುವವರು ಏನು ಕಲಿಯಬೇಕು? ನೀವು ಕಟ್ಟುತ್ತಿರುವುದು ದೇಶದ ದಳವೋ, ಒಂದೊಂದು ತಡೆಗಟ್ಟೆಗೆ ಒಂದೊಂದು ಕುಲದ ಪಾಳೆಯವೋ? ನನಗೆ ಮೋಸವಾಗಿದೆ ಸ್ವಾಮಿ. ನಿಮ್ಮ ಭಾಷಣವನ್ನು ಅಕ್ಷರಶಃ ನಂಬಿದವಳು ನಿಮ್ಮ ಇಡೀ ದಳದಲ್ಲಿ ಬಹುಶಃ ಅವಳೊಬ್ಬಳೇ.

ಮೊನ್ನೆ ಊಟಕ್ಕೆ ಕೂತಾಗ ಕೇಳಿದಳು: “ಆವತ್ತು ನಿಮ್ಮನ್ನ ಬಿಟ್ಟಿದ್ರೆ, ಬರೀದೇ ಇದ್ದಿದ್ರೆ, ಐ ವುಡ್ ಸ್ಟಿಲ್ ಹ್ಯಾವ್ ಮೈ ಬೂಟ್ಸ್, ಅಲ್ವಾ ಪಪ್ಪಾ?”

ಇದಕ್ಕೆ ಉತ್ತರ ನೀವೇ ಕೊಡಬೇಕು. ಆ ಪುಟವನ್ನು ಇಡೀ ದಳದ ಮುಂದೆ ಪೂರ್ತಿ ಓದಿಸಿ, ಅವಳ ಸಮವಸ್ತ್ರವನ್ನು ಹಿಂದಿರುಗಿಸಿ. ಅದಾಗದಿದ್ದರೆ, ‘ಹೌದು ಮಗಳೇ, ಅಪ್ಪನನ್ನು ಬಿಟ್ಟಿದ್ದರೆ ನೀನು ದಳದಲ್ಲಿ ಉಳಿಯುತ್ತಿದ್ದೆ’ ಎಂದು ಬರೆದು, ಸಹಿ ಮಾಡಿ ಅವಳಿಗೆ ಕಳಿಸಿ.

ಇಂತಿ,
ಮಗಳ ತಡೆಗಟ್ಟೆಯಲ್ಲಿ ಕಾರು ತಿರುಗಿಸಿ, ಅವಳ ಮೇಲೆಯೇ ಮುನಿಸಿಕೊಂಡಿದ್ದ ಅಪ್ಪ,
ಯಜ್ಞನಾರಾಯಣ
ಸುಬಾಂಗ್ ಜಯಾ