ತಿಹೊಮಿರನ ಫ್ರಿಜ್ಜಿನ ಇನ್ಸುಲಿನ್

ಜನವರಿ 25, ಬೆಳಿಗ್ಗೆ ಹತ್ತು

ಮೂವತ್ತೆರಡು ವರ್ಷ ಈ ಪಟ್ಟಣದ ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತನಾದ ನಾನು, ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಳ್ಳುವ ತಪ್ಪೊಪ್ಪಿಗೆ: ಎದುರುಮನೆ ತಿಹೊಮಿರನ ಫ್ರಿಜ್ಜಿನಿಂದ ಇನ್ಸುಲಿನ್ ಪೆನ್ನು ಕದ್ದೆ. ಒಂದೇ ಒಂದು. ಕಾಫಿಗೆ ಕರೆದಿದ್ದ. ಪ್ಲಮ್ ಬ್ರಾಂಡಿ ತರಲು ಒಳಗೆ ಹೋದ... ಪೆನ್ನು ನನ್ನ ಕೋಟಿನೊಳಗೆ ಬಂತು. ಅವನಿಗೆ ಇನ್ನೂ ನಾಲ್ಕು ಉಳಿದಿವೆ. ಕಳ್ಳನಾದರೂ ಎಣಿಸಿ ಕದ್ದವನು.

ಕಾರಣವೂ ದಾಖಲಾಗಲಿ. ಸ್ಲಾವಾ — ನಮ್ಮ ಮನೆತನದ ಸಂತನ ಹಬ್ಬ — ಮುಗಿದಾಗಿನಿಂದ ನನ್ನ ಇನ್ಸುಲಿನ್ ಕೆಲಸ ಮಾಡುತ್ತಿಲ್ಲ. ನಮ್ಮ ಮಿಲಿಮೋಲ್ ಲೆಕ್ಕದಲ್ಲಿ ಏಳರ ಆಸುಪಾಸಿನಲ್ಲಿರಬೇಕಾದ ಸಕ್ಕರೆ ಇಂದು ಹದಿನೆಂಟು. ಬಾಯಿ ಒಣಗುತ್ತದೆ, ಕಣ್ಣು ಮಂಜು. ಸೋಮವಾರದೊಳಗೆ ಇಳಿಯದಿದ್ದರೆ ಆಸ್ಪತ್ರೆಗೆ ಸೇರಿಸುತ್ತೇನೆ ಎಂದಿದ್ದಾರೆ ಡಾಕ್ಟರಮ್ಮ. ನಾನು ಆಸ್ಪತ್ರೆಯಲ್ಲಿ, ಹೆಂಡತಿ ಲ್ಯುಬಿಂಕಾ ಮನೆಯಲ್ಲಿ, ವಿಧುರ ತಿಹೊಮಿರ್ ಎದುರು ಬಾಗಿಲಲ್ಲಿ. ಇದಕ್ಕೆ ಭೂಪಟ ಬೇಕಿಲ್ಲ.

ಅದೇ ದಿನ, ಊಟಕ್ಕೆ ಮುಂಚೆ

"ಹದಿನೆಂಟಾ?" ಎಂದಳು ಲ್ಯುಬಿಂಕಾ. "ಹಬ್ಬದ ದಿನ ಎಷ್ಟು ಕೇಕ್ ತಿಂದೆ, ನಿಜ ಹೇಳು."

"ಒಂದು ತುಂಡು."

"ತಿಹೊಮಿರ್ ನಾಲ್ಕು ತಿಂದ. ಇವತ್ತು ಆರೂವರೆಯಂತೆ. ದಿನಾ ನದಿ ದಂಡೆ ಮೇಲೆ ನಡೀತಾನೆ, ನೋಡು."

"ಮನೇಲಿ ಯಾರೂ ಇಲ್ಲ. ನಡೀದೆ ಇನ್ನೇನ್ ಮಾಡ್ತಾನೆ."

"ನಿಂಗೆ ಹೆಂಡ್ತಿ ಇದಾಳೆ ಅಂತ ಸೋಫಾ ಬಿಟ್ಟು ಏಳಲ್ವೇನು ಮಾರಾಯ?"

ಅವನ ಅಂಕಿ ಅವಳಿಗೆ ಬಾಯಿಪಾಠ. ನನ್ನದನ್ನು ಕೇಳಿ ತಿಳಿಯಬೇಕು. ಸಕ್ಕರೆ ಏರುತ್ತಿದೆ, ಅಕ್ಕರೆ ಇಳಿಯುತ್ತಿದೆ.

ಜನವರಿ 26

ಕದ್ದ ಪೆನ್ನು, ಹೊಸ ಸೂಜಿ, ಎಂದಿನಷ್ಟೇ ಪ್ರಮಾಣ. ಇಂದು ಬೆಳಿಗ್ಗೆ ಸಕ್ಕರೆ ಎಂಟು. ಸಂತೋಷಪಡಬೇಕಿತ್ತು. ಮೈ ಉರಿಯಿತು. ಅದೇ ಹೆಸರು, ಅದೇ ಕಿತ್ತಳೆ ಪಟ್ಟಿ. ಅವನ ಮನೆಯದು ದುಡಿಯುತ್ತದೆ, ನನ್ನದು ಸೋಮಾರಿ.

ಆಮೇಲೆ ಹೊಳೆಯಿತು. ತಿಂಗಳು ತಿಂಗಳು ಎರಡೂ ಮನೆಯ ಔಷಧಿ ತರುವವಳು ಲ್ಯುಬಿಂಕಾ. ಎರಡು ಡಬ್ಬಿ, ಒಂದೇ ಚೀಲ. ಒಳ್ಳೆಯದು ಯಾವ ಬಾಗಿಲಿಗೆ ಹೋಗುತ್ತದೆ? ಬರೆಯಲೂ ನಾಚಿಕೆ. ಬರೆದೆ.

ಜನವರಿ 29, ಸೋಮವಾರ, ಸಂಜೆ

ಮೂರು ದಿನ ಅವಳೊಡನೆ ಮಾತಿಲ್ಲ. ತಿಹೊಮಿರನ ಋಣ ಬೇಡವೆಂದು ನನ್ನ ಪೆನ್ನಿಗೇ ಮರಳಿದ್ದೆ. ಇಂದು ಸಕ್ಕರೆ ಇಪ್ಪತ್ತೊಂದು. ಮೆಟ್ಟಿಲಿಳಿಯುವಾಗ ಮುಗ್ಗರಿಸಿದೆ. ಹಿಡಿದುಕೊಂಡವನು ಯಾರು — ಅವನೇ.

"ಮೇಷ್ಟ್ರೇ, ನನ್ನ ಕುತ್ತಿಗೆ ಹಿಡ್ಕೊಳ್ಳಿ."

ಹಿಡಿಯುವ ಆಸೆಯಂತೂ ಇತ್ತು.

ಅವನ ಕಾರಿನಲ್ಲೇ ಮೂವರೂ ಹೋದೆವು. ಡಾಕ್ಟರಮ್ಮನ ಮುಂದೆ ಹೇಳಿಯೇಬಿಟ್ಟೆ: "ಒಳ್ಳೆ ಔಷಧಿ ಎದುರುಮನೆಗೆ ಹೋಗತ್ತೆ. ನನಗೆ ಕಸ." ತಿಹೊಮಿರ್ ಚಾವಣಿ ನೋಡಿದ. ಲ್ಯುಬಿಂಕಾ ನನ್ನನ್ನು ನೋಡಿದಳು. ಚಾವಣಿಯೇ ವಾಸಿ.

ಡಾಕ್ಟರಮ್ಮ ನನ್ನ ಪೆನ್ನನ್ನು ಬೆಳಕಿಗೆ ಹಿಡಿದರು. "ಒಳಗೆ ಚೂರುಚೂರು ತೇಲ್ತಿದೆ ನೋಡಿ. ಹೆಪ್ಪುಗಟ್ಟಿ ಕರಗಿದ್ದು. ಇದು ಇನ್ನು ನೀರಿದ್ದ ಹಾಗೆ. ಹಬ್ಬದ ಪಾತ್ರೆ ಎಲ್ಲ ಈ ಹಿಮದ ಚಳೀಲಿ ಬಾಲ್ಕನೀಲಿ ಇಟ್ರಾ?"

"ಇಡದೆ?" ಎಂದಳು ಲ್ಯುಬಿಂಕಾ. "ನಲವತ್ತು ಜನದ ಅಡುಗೆ. ಫ್ರಿಜ್ಜಲ್ಲಿ ಎಲ್ಲಿ ಹಿಡಿಸತ್ತೆ?"

"ಊರಿಗೆ ಊರೇ ಹಾಗೆ ಇಡತ್ತೆ. ಪಾತ್ರೆಗಳ ಜೊತೆ ಔಷಧಿನೂ ಹೋಗತ್ತೆ. ಪ್ರತಿ ಜನವರಿ ನಂಗಿದೇ ಪಾಡು."

ಆಗ ಎದೆಯುಬ್ಬಿಸಿದೆ. "ಹನ್ನೊಂದು ವರ್ಷ ಆಯ್ತು. ಫ್ರಿಜ್ಜಿನ ಬಾಗಿಲ ತಟ್ಟೆ ಬಿಟ್ಟು ನನ್ನ ಕೈ ಅದನ್ನ ಬೇರೆಲ್ಲೂ ಇಟ್ಟಿಲ್ಲ. ನನ್ನ ಶಿಸ್ತು ಬೇಕಾದ್ರೆ ಬೇರೆ ರೋಗಿಗಳಿಗೆ ಪಾಠ ಹೇಳಿ."

ಲ್ಯುಬಿಂಕಾ ಬಿಳಿಚಿಕೊಂಡಳು. "ಹಾಗಾದ್ರೆ ನಾನೇ... ಗಡಿಬಿಡೀಲಿ ಹೊರಗಿಟ್ಟು, ಮತ್ತೆ ಒಳಗೆ ತಂದೆನಾ?"

ಕಾರಣ ಸಿಕ್ಕಿದ್ದರಿಂದ ಡಾಕ್ಟರಮ್ಮ ಆಸ್ಪತ್ರೆಯನ್ನು ಬುಧವಾರಕ್ಕೆ ಮುಂದೂಡಿದರು; ಹೊಸ ಡಬ್ಬಿ ಸಿಗಲು ಎರಡು ದಿನ ಬೇಕಂತೆ. ವಾಪಸು ಬರುವಾಗ ತಿಹೊಮಿರ್ ಎಂದ: "ಅಲ್ಲೀವರೆಗೆ ನನ್ನ ಫ್ರಿಜ್ಜಿಂದ ತಗೊಳ್ಳಿ ಮೇಷ್ಟ್ರೇ. ಈ ಸಲ ಕೇಳಿ ತಗೊಳ್ಳಿ."

ಕಾರಿನ ಕಿಟಕಿಯಿಂದ ಭೂಗೋಳ ನೋಡುತ್ತ ಕೂತೆ.

ಜನವರಿ 31

ಸಕ್ಕರೆ ಏಳು. ಆಸ್ಪತ್ರೆ ತಪ್ಪಿತು. ಲ್ಯುಬಿಂಕಾ ನನ್ನ ಅಂಕಿಗಳನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಬೀನ್ಸ್ ಸಾರು, ಬೆನ್ನಿಗೆ ದಿಂಬು. ಎರಡು ದಿನದಿಂದ ತಿಹೊಮಿರನ ಹೆಸರೆತ್ತಿಲ್ಲ. ಹನ್ನೊಂದು ವರ್ಷದ ಕಾಯಿಲೆಯಲ್ಲಿ ಇಷ್ಟು ಆರೋಗ್ಯವಾಗಿ ಎಂದೂ ಇರಲಿಲ್ಲ.

ಫೆಬ್ರವರಿ 4, ಮಧ್ಯಾಹ್ನ

ಲ್ಯುಬಿಂಕಾ ತನ್ನ ತಂಗಿಗೆ ಫೋನ್ ಮಾಡಿ ಅಳುತ್ತಿದ್ದಾಳೆ. "ಗಂಡನ್ನ ನಾನೇ ಕೊಲ್ತಿದ್ದೆ ಕಣೇ. ಅವನು ಜೋಪಾನ ಮಾಡಿದ್ದನ್ನ ನಾನು ಹಾಳು ಮಾಡ್ದೆ." ಎಲ್ಲರಿಗೂ ಹೀಗೇ ಹೇಳುತ್ತಿದ್ದಾಳಂತೆ. ಬೀನ್ಸ್ ಸಾರಿನ ಬಟ್ಟಲು ಪಕ್ಕಕ್ಕೆ ಸರಿಸಿ ಇದನ್ನು ಬರೆಯುತ್ತಿದ್ದೇನೆ.

ಹಬ್ಬದ ಹಿಂದಿನ ದಿನ. ವಾಲ್ನಟ್ ಕೇಕಿನ ಒಂದು ತಟ್ಟೆ ತುಂಬಿಸಿ "ಇದು ತಿಹೊಮಿರ್ ಮನೆಗೆ ತಗೊಂಡು ಹೋಗ್ಲಿ" ಎಂದು ಬೇರೆ ಎತ್ತಿಟ್ಟಿದ್ದಳು. ಅವಳು ಅತ್ತ ತಿರುಗಿದಾಗ ತಟ್ಟೆಯನ್ನು ಫ್ರಿಜ್ಜಿನ ಮೂಲೆಗೆ ತುರುಕಿದೆ. ಬಾಲ್ಕನಿಯಲ್ಲಿಟ್ಟರೆ ಕೆನೆ ಗಟ್ಟಿಯಾಗುತ್ತದೆ. ಒಳಗೆ ಜಾಗ ಬೇಕಿತ್ತು. ಇನ್ಸುಲಿನ್ ಡಬ್ಬಿ ತೆಗೆದು ಹೊರಗಿಟ್ಟೆ. ನಾನೇ. ಈ ಕೈಯಿಂದಲೇ. ಎರಡು ದಿನ, ಮೈನಸ್ ಹನ್ನೊಂದು ಡಿಗ್ರಿ; ಹಬ್ಬ ಮುಗಿದ ಮೇಲೆ ಒಳಗೆ ತಂದವನೂ ನಾನೇ. ಕೇಕು ಮಾತ್ರ ಮೆತ್ತಗಿತ್ತು.

ಫೋನ್ ಇಟ್ಟಳು. ಈಗಲೇ ಹೋಗಿ ಹೇಳುತ್ತೇನೆ. ಡಬ್ಬಿಯ ವಿಷಯವಷ್ಟೇ. ಯಾರಿಗೆ ಸಿಗಬಾರದೆಂದು ಕೇಕು ಬಚ್ಚಿಟ್ಟೆ ಅನ್ನುವುದನ್ನು...