ಒಂಬತ್ತು ಸೆಕೆಂಡು

ಮಾರ್ಚ್ ೩, ಸೋಮವಾರ. ಸಂಜೆ ೭.೪೦

ಕೈಗಡಿಯಾರಕ್ಕೆ ಸೆಲ್ ಹಾಕಿದ್ದು ಐದು, ಪಟ್ಟಿ ಬದಲಿಸಿದ್ದು ಎರಡು. ಒಂದು ಗೋಡೆ ಗಡಿಯಾರ — ಒಳಗೆ ಜಿರಲೆಗಳ ಸಂಸಾರ. ತೊಳೆದು ಒಣಗಲು ಇಟ್ಟು ಬಂದೆ.

ಮಧ್ಯಾಹ್ನ ಹಲ್ಲಿನ ಡಾಕ್ಟರು ಅಂಗಡಿಗೆ ಬಂದರು. ಆಕಾಶ ನೋಡುವ ಬಳಗದ ಕಾರ್ಯದರ್ಶಿ. ಅಕ್ಕ ತೀರಿಹೋಗಿ ಐದು ತಿಂಗಳಾಯಿತು, ಈ ಕಡೆ ತಲೆ ಹಾಕಿದ್ದು ಇದೇ ಮೊದಲು.

‘ಕಲ್ಲು ವಾಪಸ್ ಬರ್ತಿದೆ ಸ್ವಾಮಿ. ಇಪ್ಪತ್ತೆರಡಕ್ಕೆ, ಸಂಜೆ ಏಳೂಕಾಲಿಗೆ. ಚಂದ್ರನಿಗಿಂತ ಹತ್ರ! ಸೆಕೆಂಡು ಕೂಗೋಕೆ ನೀವು ಬರ್ಲೇಬೇಕು.’

‘ಫೋನಲ್ಲೇ ಟೈಮ್ ಬರತ್ತಲ್ಲ ಡಾಕ್ಟ್ರೇ.’

‘ಫೋನಿಗೆ ನಿಮ್ಮ ಗಂಟಲು ಎಲ್ಲಿಂದ ತರೋಣ?’

ಬಾಯೊಳಗೆ ಕೈ ಹಾಕಿ ಹಾಕಿ ಎಲ್ಲರ ಗಂಟಲಿನ ಲೆಕ್ಕವೂ ಇವರ ಹತ್ತಿರ ಇದೆ.

ಕ್ಷುದ್ರಗ್ರಹ ಅನ್ನುತ್ತಾರೆ ಬಳಗದವರು. ಅಕ್ಕ ಕಲ್ಲು ಅನ್ನುತ್ತಿದ್ದಳು. ಆರು ವರ್ಷದ ಹಿಂದೆ ಅದು ಬಂದಾಗ ಅವಳ ಕಣ್ಣು ದೂರದರ್ಶಕಕ್ಕೆ, ನನ್ನ ಕಣ್ಣು ಗಡಿಯಾರಕ್ಕೆ. ನಾನು ಸೆಕೆಂಡು ಕೂಗುವುದು. ಗುರುತು ಮಾಡಿಟ್ಟ ನಕ್ಷತ್ರದ ಪಕ್ಕ ಕಲ್ಲು ಹಾದ ಕ್ಷಣ ಅವಳು ‘ಹಾಂ’ ಅನ್ನುವುದು. ಅಷ್ಟೇ ಕೆಲಸ. ಇಪ್ಪತ್ತಾರು ವರ್ಷ ಶಾಲೆಯ ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆದವಳು ಅಕ್ಕ. ಬಳಗದ ಹನ್ನೊಂದು ಜನರ ತಲೆ ಸೇರಿಸಿದರೂ ಅವಳ ಕಣ್ಣಿನಷ್ಟು ಆಗುವುದಿಲ್ಲ.

ಬರುತ್ತೇನೆ ಅಂದೆ. ಯಾಕೆ ಅಂದೆನೋ.

ಮಾರ್ಚ್ ೭, ಶುಕ್ರವಾರ. ಬೆಳಿಗ್ಗೆ ೬.೧೫

ಬಳಗದವರು ಪುಸ್ತಕ ಬೇರೆ ಮಾಡಿಸುತ್ತಿದ್ದಾರೆ. ಇಪ್ಪತ್ಮೂರಕ್ಕೆ ಬಿಡುಗಡೆ, ಮೈಕು, ಭಾಷಣ. ಅಚ್ಚಿಗೆ ಮುಂಚಿನ ಪ್ರತಿ ನಿನ್ನೆ ಅಂಗಡಿಗೆ ಬಂತು. ಮೊದಲ ಪುಟದಲ್ಲಿ ಅಧ್ಯಕ್ಷರು. ಎರಡನೆಯದರಲ್ಲಿ ಅಧ್ಯಕ್ಷರು ಮತ್ತು ಅವರ ದೂರದರ್ಶಕ. ಮೂರನೆಯದರಲ್ಲಿ ದೂರದರ್ಶಕದ ಪಕ್ಕ ಅಧ್ಯಕ್ಷರು. ನಕ್ಷತ್ರ ನೋಡಬೇಕಾದರೆ ಹನ್ನೊಂದನೆಯ ಪುಟಕ್ಕೆ ಹೋಗಬೇಕು.

ಹದಿನಾಲ್ಕನೆಯ ಪುಟದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ, ಅಕ್ಕ. ಹಿಂದಿನ ಸಲ ನಾಲ್ವರು ಮಾಡಿದ ನಾಲ್ಕು ಅಳತೆಗಳಲ್ಲಿ ಮೂರನ್ನು ತೆಗೆದುಕೊಂಡಿದೆ. ‘ನಾಲ್ಕನೆಯದು ಒಂಬತ್ತು ಸೆಕೆಂಡು ವ್ಯತ್ಯಾಸ. ವೀಕ್ಷಕಿಯ ದೋಷ. ಕೈಬಿಡಲಾಗಿದೆ.’ ಮುಂದೆ ಅವಳ ಪೂರ್ತಿ ಹೆಸರು. ಬದುಕಿದ್ದಾಗ ಒಬ್ಬರೂ ಅವಳನ್ನು ಪೂರ್ತಿ ಹೆಸರಿನಿಂದ ಕರೆದವರಲ್ಲ.

ಅಧ್ಯಕ್ಷರ ಗೋದಾಮಿಗೆ ಹೋದೆ. ಔಷಧಿಯ ಸಗಟು ವ್ಯಾಪಾರ. ಆ ಸಾಲು ತೆಗೆಯಿರಿ ಅಂದೆ.

‘ವಿಜ್ಞಾನದಲ್ಲಿ ಅಕ್ಕ ತಂಗಿ ಇಲ್ಲ ಕಣಯ್ಯ. ತಪ್ಪು ಅಂದ್ರೆ ತಪ್ಪು. ಅವಳೇ ಒಪ್ಕೊಂಡಿದ್ಳಲ್ಲ, ಎಲ್ಲರ ಎದುರಿಗೆ?’

ಒಪ್ಪಿಕೊಂಡಿದ್ದಳು. ಅದೇ ನುಂಗಲಾಗದ ತುತ್ತು. ಹಿಂದಿನ ಸಲ ಕಲ್ಲು ಹೋದ ಮೇಲೆ ನಡೆದ ಸಭೆಯಲ್ಲಿ ಇದೇ ಮನುಷ್ಯ ಅವಳ ಅಳತೆಯ ಫಾರಂ ಅವಳ ಮುಂದೆ ಹಿಡಿದ. ಇಸಿದುಕೊಂಡು ಓದಿದಳು, ತುಂಬಾ ಹೊತ್ತು. ನನ್ನ ಕಡೆ ನೋಡಿದಳು. ‘ನನ್ನ ಕಣ್ಣೇ ತಪ್ಪಿರ್ಬೇಕು ಸರ್’ ಅಂದಳು. ಮತ್ತೆ ಬಳಗದ ಮೆಟ್ಟಿಲು ಹತ್ತಲಿಲ್ಲ. ಪುಕ್ಕಲಿ ಅಂದುಕೊಂಡೆ. ಮನೆಗೆ ಬಂದು ಅಂದೂಬಿಟ್ಟೆ.

ನನ್ನ ಗಡಿಯಾರ ಸರಿ ಇತ್ತು. ರೇಡಿಯೋ ಸಮಯಕ್ಕೆ ಹೊಂದಿಸಿದ್ದೆ. ಅವಳ ಕಣ್ಣೂ ಸರಿ ಇತ್ತು. ಹಾಗಾದರೆ ಒಂಬತ್ತು ಸೆಕೆಂಡು ಎಲ್ಲಿಂದ ಬಂತು?

ಮಾರ್ಚ್ ೧೫, ಶನಿವಾರ. ರಾತ್ರಿ ೮.೩೦

ಅಧ್ಯಕ್ಷರ ತಾರಸಿಯಲ್ಲಿ ತಾಲೀಮು. ಹನ್ನೊಂದರಲ್ಲಿ ಎಂಟು ಜನ ಬಂದಿದ್ದರು. ಆರು ಜನ ಒಬ್ಬರ ಫೋಟೋ ಒಬ್ಬರು ತೆಗೆದರು. ಅಧ್ಯಕ್ಷರು ನಲವತ್ತು ನಿಮಿಷ ಕಣ್ಣಿಟ್ಟರೂ ಗುರುತಿನ ನಕ್ಷತ್ರ ಸಿಗಲಿಲ್ಲ.

‘ಸ್ಟ್ಯಾಂಡ್ ಡೊಂಕಾಗಿದೆ.’

ಕುಣಿಯಲಾರದವಳಿಗೆ ನೆಲ ಡೊಂಕು. ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುತ್ತಾರೆ. ಇಲ್ಲಿ ಪಕ್ಕದಲ್ಲೇ ಹಲ್ಲಿನ ಡಾಕ್ಟರು ನಿಂತಿದ್ದರೂ ಪ್ರಯೋಜನವಿಲ್ಲ. ಕೊನೆಗೆ ಅವರೇ ಬಗ್ಗಿ ಅರ್ಧ ನಿಮಿಷದಲ್ಲಿ ಹುಡುಕಿಕೊಟ್ಟರು. ಅಧ್ಯಕ್ಷರಿಗೇ ಚಪ್ಪಾಳೆ.

ಆಮೇಲೆ ಡಾಕ್ಟರು ಹೊಸಬರಿಗೆ ಪಾಠ ಹೇಳಿದರು. ‘ಹೆಬ್ಬೆರಳು ಮುಖದ ಮುಂದೆ ಹಿಡೀರಿ. ಒಂದು ಕಣ್ಣು ಮುಚ್ಚಿ. ಈಗ ಇನ್ನೊಂದು. ಬೆರಳು ಜರುಗ್ತಾ? ಹತ್ರದ ವಸ್ತು ಅಂದ್ರೆ ಹೀಗೇ. ಇಲ್ಲಿಂದ ನೋಡಿದವರಿಗೂ ನೂರು ಕಿಲೋಮೀಟರ್ ಆಚೆಯಿಂದ ನೋಡಿದವರಿಗೂ ಕಲ್ಲು ಬೇರೆ ಬೇರೆ ಜಾಗದಲ್ಲಿ ಕಾಣತ್ತೆ. ಸೆಕೆಂಡುಗಳೇ ವ್ಯತ್ಯಾಸ ಆಗತ್ತೆ. ಅದಕ್ಕೇ ಫಾರಂನಲ್ಲಿ ಜಾಗ ಮುಖ್ಯ.’

ಎಲ್ಲರೂ ಬೆರಳು ಹಿಡಿದು ಕಣ್ಣು ಮಿಟುಕಿಸುತ್ತಿದ್ದರು. ನಾನೂ ಹಿಡಿದೆ. ಜರುಗಿತು.

ಹಿಂದಿನ ಸಲ ಕಲ್ಲು ಬಂದ ದಿನ ನಾನು ಅಕ್ಕ ಈ ಊರಲ್ಲೇ ಇರಲಿಲ್ಲ. ಚಿಕ್ಕಮ್ಮನಿಗೆ ಕಾಯಿಲೆ ಅಂತ ಹೋಗಿದ್ದೆವು. ತೊಂಬತ್ತು ಕಿಲೋಮೀಟರ್. ಅವರ ತಾರಸಿಯಿಂದ ನೋಡಿದ್ದು. ಅಕ್ಕನ ಚಿಕ್ಕ ದೂರದರ್ಶಕ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕೂತು ಬಂದಿತ್ತು.

ಜಾಗ ನೋಡದೆಯೇ ಅಳೆದಿದ್ದಾರೆ ಈ ಮಹಾನುಭಾವರು! ಇಷ್ಟು ದೊಡ್ಡ ತಲೆ, ದೂರದರ್ಶಕದಲ್ಲಿ ಇಷ್ಟು ದೊಡ್ಡ ಕನ್ನಡಿ, ಕಾಗದದ ಮೇಲಿನ ಒಂದು ಸಾಲು ಓದಲು ಬರಲಿಲ್ಲ. ಸಾಯುವವರೆಗೂ ಅವಳು ತಲೆ ತಗ್ಗಿಸಿ ನಡೆದದ್ದು ಇವರ ಸೋಮಾರಿತನಕ್ಕೆ. ಹಳೆಯ ಫಾರಂ ಡಾಕ್ಟರ ಕಪಾಟಿನಲ್ಲಿದೆಯಂತೆ. ಅದನ್ನು ಅಧ್ಯಕ್ಷರ ಮುಖಕ್ಕೆ ಹಿಡಿಯದಿದ್ದರೆ ನನ್ನ ಹೆಸರು ಬದಲಾಯಿಸಿ.

ಮಾರ್ಚ್ ೧೬, ಭಾನುವಾರ. ಬೆಳಿಗ್ಗೆ ೧೧

ಫಾರಂ ನೋಡಿದೆ.

ನನ್ನ ಅಕ್ಷರ.

ಮಾರ್ಚ್ ೧೮, ಮಂಗಳವಾರ. ಮಧ್ಯಾಹ್ನ ೨

ಎರಡು ದಿನದಿಂದ ಅಂಗಡಿ ತೆರೆದಿಲ್ಲ. ಹೆಂಡತಿ ಜ್ವರ ಅಂದುಕೊಂಡಿದ್ದಾಳೆ.

ಬರೆದುಬಿಡುತ್ತೇನೆ. ಚಿಕ್ಕಮ್ಮನ ಮನೆಯಿಂದ ಬಂದ ಮೇಲೆ ಅಕ್ಕ ಒಂದು ಚೀಟಿ ಕೊಟ್ಟಳು. ‘ನಿನ್ನ ಅಕ್ಷರ ಚೆನ್ನಾಗಿದೆ, ಫಾರಂಗೆ ಇಳಿಸಿಕೊಡೋ’ ಅಂದಳು. ಇಳಿಸಿಕೊಟ್ಟೆ. ಫಾರಂನಲ್ಲಿ ಬಳಗ ಸೇರುವ ಅಧ್ಯಕ್ಷರ ತಾರಸಿಯ ವಿಳಾಸ ಮೊದಲೇ ಅಚ್ಚಾಗಿರುತ್ತದೆ. ಕೆಳಗೆ ಒಂದು ಸಾಲು — ‘ಬೇರೆ ಸ್ಥಳವಾದರೆ ತಿಳಿಸಿ’. ಆ ಸಾಲು ಖಾಲಿ. ಒಂದು ಚುಕ್ಕೆಯೂ ಇಲ್ಲ.

ಚೀಟಿ ಅಕ್ಕನ ನೋಟ್‌ಬುಕ್ಕಿನಲ್ಲೇ ಸಿಕ್ಕಿತು. ಮೇಲ್ಗಡೆ ಬಲಕ್ಕೆ ಚಿಕ್ಕಮ್ಮನ ಊರು, ಅದರ ಕೆಳಗೆ ತಾರೀಕು. ಕಾಗದ ಬರೆಯುವಾಗ ಊರು ಹಾಕುತ್ತಾರಲ್ಲ, ಹಾಗೆ ಅಂದುಕೊಂಡಿದ್ದೆ. ಕಾಗದ ನಕಲು ಮಾಡುವಾಗ ಊರನ್ನು ಯಾರು ಬರೆಯುತ್ತಾರೆ? ತಾರೀಕು ಮಾತ್ರ ತೆಗೆದುಕೊಂಡೆ.

ಏಳನೇ ಕ್ಲಾಸಿನ ಬುದ್ಧಿ. ಗುಂಡು ಗುಂಡಾದ ಅಕ್ಷರ, ಒಳಗೆ ಪೊಳ್ಳು. ಅಧ್ಯಕ್ಷರಿಗೆ ನಕ್ಷತ್ರ ಸಿಗದಿದ್ದರೆ ಯಾರಿಗೂ ನಷ್ಟವಿಲ್ಲ. ನಾನು…

ಆ ಸಭೆಯಲ್ಲಿ ಅವಳು ಫಾರಂ ಅಷ್ಟು ಹೊತ್ತು ಹಿಡಿದದ್ದು ಆ ಖಾಲಿ ಸಾಲು ಕಂಡು. ಆಮೇಲೇ ನನ್ನ ಕಡೆ ನೋಡಿದ್ದು. ಒಂದು ಮಾತು ಅಂದಿದ್ದರೆ ಅವಳು ಗೆಲ್ಲುತ್ತಿದ್ದಳು, ನಾನು ಅಷ್ಟು ಜನರ ಎದುರು ದಡ್ಡನಾಗುತ್ತಿದ್ದೆ.

ಅವಳನ್ನು ಪುಕ್ಕಲಿ ಅಂದೆ. ಸುಮ್ಮನೆ ನಕ್ಕು ಅನ್ನಕ್ಕೆ ನೀರಿಟ್ಟಳು.

ಮಾರ್ಚ್ ೨೨, ಶನಿವಾರ. ರಾತ್ರಿ ೯

ಕಲ್ಲು ಬಂತು, ಹೋಯಿತು. ಡಾಕ್ಟರು ಕಣ್ಣಿಟ್ಟರು, ನಾನು ಕೂಗಿದೆ. ಏಳು ಗಂಟೆ ಹದಿನಾರು ನಿಮಿಷ, ನಲವತ್ತೊಂದನೆಯ ಸೆಕೆಂಡಿಗೆ ‘ಹಾಂ’. ಈ ಸಲವೂ ಕಲ್ಲನ್ನು ನಾನು ನೋಡಲಿಲ್ಲ. ಸೆಕೆಂಡು ಕೂಗುವವನು ತಲೆ ಎತ್ತುವಂತಿಲ್ಲ.

ಅಧ್ಯಕ್ಷರು ಕಲ್ಲನ್ನು ತಾವೇ ಎಸೆದವರ ಹಾಗೆ ಎಲ್ಲರ ಕೈ ಕುಲುಕುತ್ತಿದ್ದರು. ನನ್ನ ಕೈಗೂ ಬಂದರು. ಚೀಟಿ ಇಟ್ಟೆ. ಹೇಳಿದೆ. ಎರಡು ಸಲ ಹೇಳಬೇಕಾಯಿತು.

ಡಾಕ್ಟರು ಲ್ಯಾಪ್‌ಟಾಪಿನಲ್ಲಿ ಅಕ್ಕನ ಅಳತೆಯ ಜಾಗ ಬದಲಿಸಿದರು. ಗುಂಡಿ ಒತ್ತಿದರು. ಇನ್ನೊಮ್ಮೆ ಒತ್ತಿದರು.

‘ಅರ್ಧ ಸೆಕೆಂಡು. ಒಂಬತ್ತಲ್ಲ, ಬರೀ ಅರ್ಧ. ಸರ್… ನಾಲ್ಕರಲ್ಲಿ ಅತಿ ಸರಿಯಾದದ್ದು ಆಯಮ್ಮನದೇ.’

‘ಪುಸ್ತಕ ಅಚ್ಚಾಗಿ ಬಂದಾಯ್ತಲ್ಲ ಡಾಕ್ಟ್ರೇ. ಈಗೇನು, ಅಷ್ಟೂ ಪ್ರತಿ ನೀರಿಗೆ ಹಾಕ್ಲಾ?’ ಅಧ್ಯಕ್ಷರು ನನ್ನ ಕಡೆ ತಿರುಗಿದರು. ‘ಹೋದವಳು ಹೋದ್ಳು. ನಿನ್ನ ಮಾನ ನೀನೇ ಯಾಕೆ ಕಳ್ಕೊಳ್ತೀಯಯ್ಯ?’

‘ಅದು ತಪ್ಪು ಅಂತ ಎಲ್ಲರಿಗೂ ತಿಳೀಬೇಕು ಸರ್.’

‘ಹಾಗಾದ್ರೆ ನಾಳೆ ಸಭೇಲಿ ನೀನೇ ಹೇಳು. ಮೈಕ್ ಮುಂದೆ. ಎರಡು ನಿಮಿಷ ಕೊಡ್ತೀನಿ.’ ನಕ್ಕರು. ಮಿಕ್ಕವರೂ ನಕ್ಕರು. ಈ ಮೂಕ ಎಲ್ಲಿ ಮಾತಾಡ್ತಾನೆ ಅಂತ.

‘ಆಗ್ಲಿ’ ಅಂದೆ.

ಡಾಕ್ಟರು ಜೇಬಿನಿಂದ ನಾಳೆಯ ಕಾರ್ಯಕ್ರಮದ ಪಟ್ಟಿ ತೆಗೆದು, ಯಾರ ಮುಖವನ್ನೂ ನೋಡದೆ, ನನ್ನ ಹೆಸರು ಬರೆದುಕೊಂಡರು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ‘ರೀ, ಗಿರಾಕಿ ಜೊತೆ ಚೌಕಾಸಿ ಮಾಡೋಕೇ ನಿಮಗೆ ಬಾಯಿ ಬರಲ್ಲ’ ಅಂದಳು. ಒಳಗೆ ಹೋಗಿ ಬಿಳಿ ಅಂಗಿ ಇಸ್ತ್ರಿ ಮಾಡಿದಳು.

ಅಡುಗೆಮನೆಯಲ್ಲಿ ನಿಂತು ಹೇಳಿ ನೋಡಿದೆ. ‘ವೀಕ್ಷಕಿಯ ದೋಷವಲ್ಲ. ನಕಲು ಮಾಡಿದ ತಮ್ಮನ ದೋಷ.’ ಮುಂದೆ ಅಕ್ಕನ ಹೆಸರು ಬರುವಲ್ಲಿ ಧ್ವನಿ ನಿಲ್ಲುತ್ತದೆ. ಮೂರು ಸಲವೂ ಅಲ್ಲೇ.

ನಾಳೆ ಸಭೆ ಹತ್ತು ಗಂಟೆಗೆ. ಸ್ವಾಗತ ಆದ ಮೇಲೆ ಅಧ್ಯಕ್ಷರು, ಅವರಾದ ಮೇಲೆ ನಾನು.